ಮಾರ್ಗಶಿರಕ್ಕೆ ಏಕೆ ಬರಲಾರೆ

ಕಿಚನರ್, ಒಂಟಾರಿಯೊ
12 ಅಕ್ಟೋಬರ್ 2025

ತೀರ್ಥರೂಪು ಅಪ್ಪನವರಿಗೂ ಮಾತೃಶ್ರೀ ಅಮ್ಮನವರಿಗೂ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ನಾವಿಬ್ಬರೂ ಇಲ್ಲಿ ಕ್ಷೇಮ. ಅಪ್ಪ, ನಿಮ್ಮ ಎಪ್ಪತ್ತರ ಭೀಮರಥ ಶಾಂತಿಗೆ ಮಾರ್ಗಶಿರದಲ್ಲಿ ಮುಹೂರ್ತ ಗೊತ್ತಾಯಿತೆಂದು ತಿಳಿಸಿದ ಪತ್ರ ಕೈಸೇರಿ ಹತ್ತು ದಿನವಾಯಿತು. ಉತ್ತರ ಬರೆಯಲು ಕುಳಿತು ಮೂರು ಸಲ ಎದ್ದಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ಅಮ್ಮನ ದನಿ ಕೇಳಿದೊಡನೆ ಮಾತು ಅರ್ಧಕ್ಕೇ ನಿಂತುಬಿಡುತ್ತದೆ. ನಾನು ಈ ಸಲ ಬರಲಾರೆ. ರಜೆಯ ಕಾರಣವೂ ಅಲ್ಲ, ಟಿಕೆಟ್ಟಿನ ದುಡ್ಡಿನ ಕಾರಣವೂ ಅಲ್ಲ. ತಾಲ್ಲೂಕು ಕಚೇರಿಯ ಶಿರಸ್ತೇದಾರರಾಗಿ ನಿವೃತ್ತರಾದ ನಿಮ್ಮ ಮುಂದೆ ಇದನ್ನು ಕಡತ ಮಂಡಿಸುವಂತೆ ಮೊದಲಿನಿಂದ ಹೇಳಿದರೇ ಸರಿಹೋದೀತು ಎನ್ನಿಸಿ ಹಾಗೆಯೇ ಬರೆಯುತ್ತಿದ್ದೇನೆ.

ವೀಸಾ ಅರ್ಜಿ ತುಂಬುತ್ತಿದ್ದ ದಿನಗಳು ನಿಮಗೆ ನೆನಪಿರಬಹುದು. ಗಂಡ ಕೆನಡಾದಲ್ಲಿದ್ದಾನೆಂದು ಬರೆದರೆ ವಿಸಿಟರ್ ವೀಸಾ ಕೊಡುವುದಿಲ್ಲ, ಸುಮ್ಮನೆ ಊರು ನೋಡಲು ಹೋಗುತ್ತೇನೆಂದು ಬರೆದುಬಿಡು ಎಂದು ಬೆಂಗಳೂರಿನ ಮಾವ ಹೇಳಿದಾಗ, ಬಾಯಲ್ಲಿ ಆಡಿದ್ದು ಮರೆತುಹೋಗುತ್ತದೆ, ಕಾಗದದಲ್ಲಿ ಬರೆದದ್ದು ಹೋಗುವುದಿಲ್ಲ ಎಂದು ನೀವು ಅಡ್ಡಿ ಮಾಡಿದಿರಿ. ನಾನು ನಿಜವನ್ನೇ ಬರೆದೆ. ಇಲ್ಲಿಗೆ ಬಂದ ಮೇಲೆ ಕಾನೂನನ್ನು ಓದಿ ನೋಡಿದಾಗ ನಿಮ್ಮ ಮಾತಿನ ಬೆಲೆ ಗೊತ್ತಾಯಿತು. ಈ ದೇಶದ ವಲಸೆ ಕಾಯ್ದೆಯ 22ನೇ ಕಲಂ ಪ್ರಕಾರ, ಮುಂದೆ ಇಲ್ಲಿಯೇ ನೆಲೆಸುವ ಇಚ್ಛೆ ಇದೆ ಎಂಬುದೊಂದೇ ಕಾರಣಕ್ಕೆ ಯಾರಿಗೂ ತಾತ್ಕಾಲಿಕ ಪ್ರವೇಶವನ್ನು ನಿರಾಕರಿಸುವಂತಿಲ್ಲ. ಕೊಟ್ಟ ಅವಧಿ ಮುಗಿಯುವುದರೊಳಗೆ ಹಿಂದಿರುಗುತ್ತಾರೆಂದು ಅಧಿಕಾರಿಗೆ ನಂಬಿಕೆ ಬಂದರೆ ಸಾಕು. ಅದೇ ಕಾಯ್ದೆಯ 40ನೇ ಕಲಂ ಪ್ರಕಾರ, ಮುಖ್ಯವಾದ ಸಂಗತಿಯನ್ನು ಮುಚ್ಚಿಟ್ಟವರಿಗೆ ಐದು ವರ್ಷ ಈ ದೇಶದ ಬಾಗಿಲು ಮುಚ್ಚುತ್ತದೆ. ಮಾವನವರಿಗೆ ಇದನ್ನು ಓದಿ ಹೇಳಬೇಕಾಗಿಲ್ಲ, ನೊಂದುಕೊಂಡಾರು.

2024ರ ನವೆಂಬರ್ 18ರಂದು ಟೊರಾಂಟೊದ ಪಿಯರ್ಸನ್ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಕೇಳಿದ್ದು ನಾಲ್ಕೇ ಪ್ರಶ್ನೆ. ಗಂಡ ಇಲ್ಲಿ ಕಾಯಂ ನಿವಾಸಿ, ಅರ್ಜಿ ಹಾಕುವ ಆಲೋಚನೆ ಇದೆ, ಆಗದಿದ್ದರೆ ಅವಧಿಯೊಳಗೆ ಊರಿಗೆ ಹೋಗುತ್ತೇನೆ ಎಂದೆ. ಆಕೆ ಪಾಸ್‌ಪೋರ್ಟಿನ ಮೇಲೆ ಮೊಹರು ಒತ್ತಿದರು, ಕೊನೆಯ ದಿನಾಂಕವನ್ನು ಬರೆಯಲಿಲ್ಲ. ದಿನಾಂಕವಿಲ್ಲದ ಮೊಹರು ಎಂದು ನಾನು ಗಾಬರಿಯಾಗಿದ್ದೆ. ದಿನಾಂಕ ಬರೆಯದಿದ್ದರೆ ಬಂದ ದಿನದಿಂದ ಆರು ತಿಂಗಳು ಎಂಬುದೇ ಇಲ್ಲಿನ ನಿಯಮವೆಂದು ನಿಮ್ಮ ಅಳಿಯ ತೋರಿಸಿಕೊಟ್ಟ ಮೇಲೆ ಸಮಾಧಾನವಾಯಿತು. ಹಾಗೆ ಲೆಕ್ಕ ಹಾಕಿದರೆ ನನ್ನ ಮುದ್ದತು 2025ರ ಮೇ 18ಕ್ಕೆ ಮುಗಿಯಬೇಕಿತ್ತು.

ಕಾಯಂ ನಿವಾಸದ ಅರ್ಜಿಯನ್ನು, ಇಲ್ಲಿ ಎಲ್ಲರ ಬಾಯಲ್ಲಿ ಇರುವಂತೆ ಹೇಳಿದರೆ ಪಿಆರ್ ಅರ್ಜಿಯನ್ನು, ಮಾರ್ಚಿನಲ್ಲಿ ಸಲ್ಲಿಸಿದೆವು. ಇದರಲ್ಲಿ ಎರಡು ಭಾಗಗಳಿವೆ: ಹೆಂಡತಿಯ ಹೊಣೆ ಹೊರುತ್ತೇನೆಂದು ಗಂಡ ಕೊಡುವ ಅರ್ಜಿ ಒಂದು, ನನ್ನದೇ ಅರ್ಜಿ ಇನ್ನೊಂದು, ಎರಡೂ ಒಟ್ಟಿಗೇ ಹೋಗಬೇಕು. ಎಲ್ಲ ಸೇರಿ ಕಟ್ಟಿದ್ದು 1,205 ಡಾಲರ್, ಬೆರಳಚ್ಚು ಮತ್ತು ಭಾವಚಿತ್ರಕ್ಕೆಂದು ಬೇರೆ 85 ಡಾಲರ್. ನಮ್ಮ ಲೆಕ್ಕದಲ್ಲಿ ಎಪ್ಪತ್ತು ಸಾವಿರ ರೂಪಾಯಿಗೂ ಮಿಕ್ಕಿತು. ವೀಸಾಕ್ಕಾಗಿ ಬೆಂಗಳೂರಿನಲ್ಲಿ ಒಮ್ಮೆ ಬೆರಳಚ್ಚು ಕೊಟ್ಟಿದ್ದೆನಲ್ಲ, ಅದು ಹತ್ತು ವರ್ಷ ಚಾಲ್ತಿಯಲ್ಲಿದ್ದರೂ ಈ ಅರ್ಜಿಗೆ ಹೊಸದಾಗಿಯೇ ಕೊಡಬೇಕು.

ಇನ್ನು ನಮ್ಮಿಂದ ಆದ ತಪ್ಪನ್ನು ಹೇಳಬೇಕು, ಏಕೆಂದರೆ ಮಾರ್ಗಶಿರಕ್ಕೆ ನಾನು ಬರಲಾಗದಿರುವ ಮೂಲ ಅಲ್ಲಿದೆ. ಗಂಡ ಅಥವಾ ಹೆಂಡತಿಯ ಮೂಲಕ ಅರ್ಜಿ ಹಾಕಲು ಎರಡು ದಾರಿಗಳಿವೆ. ಇಬ್ಬರೂ ಕೆನಡಾದೊಳಗೆ ಒಟ್ಟಿಗೆ ವಾಸಿಸುತ್ತಿರುವವರ ವರ್ಗ ಒಂದು, ಹೊರಗಿನಿಂದ ಕರೆಸಿಕೊಳ್ಳುವ ಕುಟುಂಬ ವರ್ಗ ಇನ್ನೊಂದು. ಒಳಗಿರುವವರು ಎರಡನೆಯದರಲ್ಲಿಯೂ ಅರ್ಜಿ ಹಾಕಬಹುದು ಎಂಬುದು ಬಹಳ ಜನಕ್ಕೆ ತಿಳಿಯದ ಸಂಗತಿ. ಎರಡನೆಯದರಲ್ಲಿ ಅರ್ಜಿದಾರರು ಊರಿಗೆ ಹೋಗಿ ಬಂದರೂ ಅರ್ಜಿಗೆ ಧಕ್ಕೆಯಿಲ್ಲ, ತಿರಸ್ಕೃತವಾದರೆ ಮೇಲ್ಮನವಿಯ ಹಕ್ಕೂ ಇದೆ. ಮೊದಲನೆಯದರಲ್ಲಿ ಮೇಲ್ಮನವಿ ಇಲ್ಲ, ನ್ಯಾಯಾಲಯದ ಅನುಮತಿ ಪಡೆದು ಮರುಪರಿಶೀಲನೆ ಕೋರಬಹುದಷ್ಟೆ. ಮೇಲಾಗಿ ಇಬ್ಬರೂ ಇಲ್ಲಿಯೇ ಕೂಡಿ ಬಾಳುತ್ತಿರಬೇಕೆಂಬುದೇ ಆ ವರ್ಗದ ಆಧಾರ. ನಾವು ಆರಿಸಿದ್ದು ಮೊದಲನೆಯದನ್ನು. ಕೆಲಸದ ಪರವಾನಗಿ ಸಿಗುವುದು ಇದರಲ್ಲಿ ಮಾತ್ರ ಎಂದು ಇವರ ಸ್ನೇಹಿತರೊಬ್ಬರು ತಮ್ಮ ಅನುಭವದಿಂದ ಹೇಳಿದ್ದರು, ಅವರ ಕಾಲಕ್ಕೆ ಅದು ನಿಜವೂ ಆಗಿತ್ತು. ಆದರೆ 2023ರ ಮೇ ತಿಂಗಳಿನಿಂದ, ಗಂಡನ ಜೊತೆ ಇಲ್ಲಿಯೇ ಇದ್ದು ಕುಟುಂಬ ವರ್ಗದಲ್ಲಿ ಅರ್ಜಿ ಹಾಕಿದವರಿಗೂ ಆ ಪರವಾನಗಿ ಕೊಡುತ್ತಿದ್ದಾರೆ. ಅದನ್ನು ನಾವು ಓದಿದ್ದು ಅರ್ಜಿ ಸಲ್ಲಿಸಿದ ಎರಡು ವಾರಗಳ ನಂತರ. ಹಳೆಯ ಸುತ್ತೋಲೆ ನೋಡಿ ಟಿಪ್ಪಣಿ ಬರೆದ ಗುಮಾಸ್ತರಿಗೆ ನೀವು ಏನೆನ್ನುತ್ತಿದ್ದಿರೋ ಅದನ್ನು ನಮಗೂ ಅನ್ನಬಹುದು.

ಹಿಂತೆಗೆದುಕೊಂಡು ಹೊಸದಾಗಿ ಹಾಕಬಹುದಿತ್ತು. ಆದರೆ ಸರದಿಯಲ್ಲಿ ಹಿಂದಕ್ಕೆ ಹೋಗುತ್ತೇವೆಂಬ ಭಯದಿಂದ ಹಾಗೆಯೇ ಬಿಟ್ಟೆವು. ಆಗ ನಿಮ್ಮ ಶಾಂತಿಯ ಮಾತು ಇನ್ನೂ ಬಂದಿರಲಿಲ್ಲ. ಬಂದಿದ್ದರೆ ಬೇರೆ ತೀರ್ಮಾನ ಮಾಡುತ್ತಿದ್ದೆನೋ ಏನೋ.

ಕಾಗದಪತ್ರಗಳ ಕಥೆಯಲ್ಲಿ ನಿಮಗೂ ಪಾಲಿದೆ. ಪಾಸ್‌ಪೋರ್ಟಿನಲ್ಲಿ ನನಗೆ ಮನೆತನದ ಹೆಸರೆಂಬುದು ಇಲ್ಲವಾದ್ದರಿಂದ, ಇಲ್ಲಿನ ನಿಯಮದಂತೆ ನನ್ನ ಇಡೀ ಹೆಸರು ಸರ್‌ನೇಮ್ ಕಾಲಂಗೆ ಹೋಗಿ, ಸ್ವಂತ ಹೆಸರಿನ ಕಾಲಂ ಖಾಲಿ ಉಳಿಯಿತು. ಮದುವೆಯ ನೋಂದಣಿ ಪತ್ರದಲ್ಲಿ ಊರಿನ ಹೆಸರಿಗೂ ನಿಮ್ಮ ಹೆಸರಿಗೂ ಒಂದೊಂದು ಇನಿಷಿಯಲ್ ಇದ್ದು, ಪಾಸ್‌ಪೋರ್ಟಿನಲ್ಲಿ ಅವು ಪೂರ್ತಿ ಬಿಡಿಸಿಕೊಂಡಿವೆ. ಎರಡೂ ಹೆಸರಿನವಳು ಒಬ್ಬಳೇ ಎಂದು ನೀವು ನೋಟರಿಯ ಮುಂದೆ ಮಾಡಿಸಿ ಕಳುಹಿಸಿದ ಅಫಿಡವಿಟ್ ಆ ಕಾರಣಕ್ಕೆ ಬೇಕಾಗಿತ್ತು. ಜನವರಿಯಲ್ಲಿ ಸಾಗರದ ಠಾಣೆಯಿಂದ ಪೊಲೀಸರು ವಿಚಾರಣೆಗೆ ಬಂದರೆಂದು ಅಮ್ಮ ಹೆದರಿದ್ದರಲ್ಲ, ಅದೂ ಇದಕ್ಕೇ. ಊರು ಬಿಡುವ ಮೊದಲೇ ಪೊಲೀಸ್ ಪ್ರಮಾಣಪತ್ರ ಮಾಡಿಸಿಕೊಂಡು ಬರಬಹುದಿತ್ತೆಂದು ನೀವು ಕೇಳಿದ್ದಿರಿ. ನಾವು ವಾಸವಿದ್ದ ದೇಶವನ್ನು ಕೊನೆಯ ಸಲ ಬಿಟ್ಟ ನಂತರದ ದಿನಾಂಕವೇ ಆ ಪತ್ರದ ಮೇಲೆ ಇರಬೇಕೆಂಬುದು ಇಲ್ಲಿನವರ ಷರತ್ತು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಮದುವೆ ನಿಜವಾದದ್ದೆಂದು ತೋರಿಸುವ ಭಾಗ. ಬರಿಯ ವಲಸೆಯ ಲಾಭಕ್ಕೆಂದೇ ಮಾಡಿಕೊಂಡ ಮದುವೆಯನ್ನು ಇಲ್ಲಿನ ಅಧಿಕಾರಿಗಳು ಮದುವೆಯೆಂದು ಒಪ್ಪುವುದಿಲ್ಲ. ಯಾರು ಪರಿಚಯಿಸಿದರು, ಮೊದಲು ಎಲ್ಲಿ ಭೇಟಿಯಾದಿರಿ, ಮದುವೆಗೆ ಯಾರು ಯಾರು ಬಂದಿದ್ದರು ಎಂದೆಲ್ಲ ನಮೂನೆಯಲ್ಲಿ ಕೇಳುತ್ತಾರೆ. ಸೋದರತ್ತೆ ತಂದ ಸಂಬಂಧ, ನಮ್ಮ ಮನೆಯ ಜಗುಲಿಯ ಮೇಲೆ ಹೆಣ್ಣು ನೋಡುವ ಶಾಸ್ತ್ರ, ಆಮೇಲೆ ಒಂದು ವರ್ಷ ಫೋನಿನ ಮಾತುಕತೆ. ಇದ್ದದ್ದನ್ನು ಇದ್ದಂತೆಯೇ ಬರೆದೆವು. ಆಲ್ಬಮ್ಮಿನಿಂದ ಇಪ್ಪತ್ತು ಫೋಟೋ ಆರಿಸುವಾಗ, ನಾವಿಬ್ಬರು ಮಾತ್ರ ಇರುವ ಅಲಂಕಾರದ ಚಿತ್ರಗಳನ್ನು ಬದಿಗಿಟ್ಟು ಎರಡೂ ಕಡೆಯ ಹಿರಿಯರು ಕಾಣುವಂಥವನ್ನೇ ತೆಗೆದುಕೊಂಡೆವು. ಧಾರೆ ಎರೆಯುವಾಗ ನಿಮ್ಮ ಕನ್ನಡಕ ಮೂಗಿನ ತುದಿಗೆ ಜಾರಿದ ಫೋಟೋವೂ ಹೋಗಿದೆ, ಕ್ಷಮಿಸಿ. ಲಗ್ನಪತ್ರಿಕೆ ಕನ್ನಡದಲ್ಲಿದ್ದುದರಿಂದ ಅದಕ್ಕೆ ಅನುವಾದ ಬೇಕಾಯಿತು, ಮನೆಯವರು ಮಾಡಿದ ಅನುವಾದ ಸಲ್ಲದು. ಅನುವಾದಕರು ಒಂದಕ್ಷರ ಬಿಡಲಿಲ್ಲ. ಕೊನೆಯಲ್ಲಿ ಅಮ್ಮ ಹಟ ಹಿಡಿದು ಹಾಕಿಸಿದ್ದ ‘ಆಶೀರ್ವಾದವೇ ಉಡುಗೊರೆ’ ಎಂಬ ಸಾಲು ಈಗ ಇಂಗ್ಲಿಷಿನಲ್ಲಿ ಕೆನಡಾ ಸರ್ಕಾರದ ಕಡತದೊಳಗಿದೆ.

ಏಪ್ರಿಲ್‌ನಲ್ಲಿ ಸ್ವೀಕೃತಿ ಪತ್ರ ಬಂತು. ಅರ್ಜಿ ಇದೆಯೆಂದ ಮಾತ್ರಕ್ಕೆ ಇಲ್ಲಿ ಇರುವ ಹಕ್ಕು ಬರುವುದಿಲ್ಲವಾದ್ದರಿಂದ, ಅದೇ ತಿಂಗಳು 100 ಡಾಲರ್ ಕಟ್ಟಿ ವಿಸಿಟರ್ ಅವಧಿಯನ್ನು ವಿಸ್ತರಿಸಲು ಬೇರೆ ಅರ್ಜಿ ಕೊಟ್ಟೆ. ಮುದ್ದತು ಮುಗಿಯುವುದರೊಳಗೆ ಕೇಳಿಕೊಂಡವರು ತೀರ್ಮಾನ ಬರುವ ತನಕ ಹಳೆಯ ಷರತ್ತಿನ ಮೇಲೆಯೇ ಇರಬಹುದು. ಮೇ 18ರಿಂದ ಜುಲೈವರೆಗೆ ನಾನು ಇದ್ದದ್ದು ಹಾಗೆ. ಈಗ 2026ರ ಮೇ ತನಕ ಅನುಮತಿ ಸಿಕ್ಕಿದೆ. ಆದ್ದರಿಂದ, ಊರಿನಲ್ಲಿ ಯಾರಾದರೂ ನಿಮ್ಮ ಮಗಳು ಅಲ್ಲಿ ಕಾಗದವಿಲ್ಲದೆ ಇದ್ದಾಳಂತೆ ಎಂದರೆ, ಹಾಗಲ್ಲವೆಂದು ಧೈರ್ಯವಾಗಿ ಹೇಳಿ.

ಕೆಲಸದ ಪರವಾನಗಿಗೆ 255 ಡಾಲರ್ ಕಟ್ಟಿ ಕಾಯುತ್ತಿದ್ದೇನೆ. ಅಲ್ಲಿಯವರೆಗೆ ವಿಸಿಟರ್ ಆದವಳು ದುಡಿಯುವಂತಿಲ್ಲ. ಏಳು ವರ್ಷ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿದವಳು ಈಗ ಸಾರ್ವಜನಿಕ ಗ್ರಂಥಾಲಯದಲ್ಲಿ ಕುಳಿತು ಓದುತ್ತೇನೆ. ಮೇಲಿನ ಮನೆಯ ಗುಜರಾತಿ ಹೆಂಗಸು ತಮ್ಮ ಇಬ್ಬರು ಮಕ್ಕಳಿಗೆ ಲೆಕ್ಕ ಹೇಳಿಕೊಡಿ, ಗಂಟೆಗೆ ಇಷ್ಟೆಂದು ಕೊಡುತ್ತೇನೆ ಎಂದಾಗ, ಕೈ ಮುಗಿದು ಆಗದೆಂದೆ. ಗುಟ್ಟಾಗಿ ನಡೆಸಿದರೆ ಯಾರಿಗೆ ಗೊತ್ತಾಗುತ್ತದೆ ಎಂದರು. ನಾಳೆ ಯಾವುದಾದರೂ ನಮೂನೆಯಲ್ಲಿ ಪರವಾನಗಿಯಿಲ್ಲದೆ ಕೆಲಸ ಮಾಡಿದ್ದೀರಾ ಎಂದು ಕೇಳಿದರೆ ಏನು ಬರೆಯಲಿ ಎಂಬ ನನ್ನ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ಸರ್ಕಾರದ ಆರೋಗ್ಯ ವಿಮೆಯೂ ವಿಸಿಟರ್‌ಗೆ ಸಿಗದು. ಖಾಸಗಿ ವಿಮೆ ಮಾಡಿಸಿದ್ದೇವೆ, ಅಮ್ಮ ಆ ಚಿಂತೆ ಬಿಡಲಿ.

ಅಪ್ಪ, ನಿಮ್ಮ ಪತ್ರದ ಎರಡನೆಯ ಪುಟದಲ್ಲಿ ಒಂದು ಪ್ರಶ್ನೆ ಬರೆದು ಮತ್ತೆ ಗೀಟು ಹಾಕಿದ್ದೀರಿ. ಗೀಟಿನ ಕೆಳಗೂ ಅದು ಓದಲು ಬರುತ್ತದೆ. ನನ್ನ ಇರುವಿಕೆಯೆಲ್ಲ ಗಂಡನ ಒಂದು ಸಹಿಯ ಮೇಲೆ ನಿಂತಿದೆಯೇ ಎಂದು ಕೇಳಿದ್ದೀರಿ. ಇಂದಿನ ಮಟ್ಟಿಗೆ ಹೌದು. ನಾನು ಕಾಯಂ ನಿವಾಸಿ ಆಗುವ ಗಳಿಗೆಯವರೆಗೆ ಅವರು ತಮ್ಮ ಅರ್ಜಿಯನ್ನು ಹಿಂತೆಗೆದುಕೊಳ್ಳಬಹುದು, ಹಾಗೆ ಮಾಡಿದರೆ ನನ್ನದೂ ಬಿದ್ದುಹೋಗುತ್ತದೆ. ಆದ ನಂತರ ಹಾಗಲ್ಲ. ಎರಡು ವರ್ಷ ಒಟ್ಟಿಗೆ ಬಾಳಿದರೆ ಮಾತ್ರ ಪಿಆರ್ ಉಳಿಯುತ್ತದೆ ಎಂಬ ಷರತ್ತು ಕೆಲವರಿಗೆ ಹಿಂದೆ ಇತ್ತು. ಕಷ್ಟಕೊಡುವ ಗಂಡನನ್ನು ಬಿಟ್ಟುಬರಲು ಹೆಂಗಸರು ಹೆದರುವಂತಾಗುತ್ತಿದೆಯೆಂದು 2017ರಲ್ಲಿ ಅದನ್ನು ತೆಗೆದುಹಾಕಿದರು. ಅಲ್ಲದೆ ಗಂಡನಾದವನೇ ಮೂರು ವರ್ಷ ಹೆಂಡತಿಯ ಖರ್ಚುವೆಚ್ಚದ ಹೊಣೆಗಾರನೆಂದು ಸರ್ಕಾರಕ್ಕೆ ಬರೆದುಕೊಟ್ಟಿರುತ್ತಾನೆ; ನಡುವೆ ಸಂಸಾರ ಮುರಿದರೂ ಆ ಹೊಣೆ ತಪ್ಪುವುದಿಲ್ಲ. ಇದನ್ನೆಲ್ಲ ನನಗೆ ಮೊದಲು ಓದಿ ಹೇಳಿದವರು ನಿಮ್ಮ ಅಳಿಯಂದಿರೇ. ನಿಮ್ಮ ಮನಸ್ಸಿಗೆ ಅಷ್ಟು ಸಾಕೆಂದುಕೊಳ್ಳುತ್ತೇನೆ.

ಅಮ್ಮನ ಇನ್ನೊಂದು ಅನುಮಾನ, ಪಿಆರ್ ಬಂದರೆ ನಾನು ಪರದೇಶದವಳಾಗಿಬಿಡುತ್ತೇನೆಯೇ ಎಂದು. ಇಲ್ಲ, ಆಗುವುದಿಲ್ಲ. ಪೌರತ್ವ ಬೇರೆ, ಇದು ಬೇರೆ. ಪಾಸ್‌ಪೋರ್ಟ್ ಭಾರತದ್ದೇ ಇರುತ್ತದೆ. ಐದು ವರ್ಷಗಳಲ್ಲಿ 730 ದಿನ ಇಲ್ಲಿದ್ದರೆ ಆಯಿತು, ಉಳಿದ ದಿನಗಳು ನಮ್ಮವು. ಆಗ ಬೇಕಾದಷ್ಟು ಸಲ ಬರುತ್ತೇನೆ.

ಈಗ ಮಾರ್ಗಶಿರದ ಮಾತು. ನಾನು ಹೊರಟರೆ ತಡೆಯುವವರು ಯಾರೂ ಇಲ್ಲ. ಆದರೆ ಹಿಂದಿರುಗುವಾಗ ಗಡಿಯಲ್ಲಿ ನಾನು ಮತ್ತೆ ಬರಿಯ ವಿಸಿಟರ್; ಒಳಗೆ ಬಿಡುವುದು ಬಿಡದಿರುವುದು ಆ ಹೊತ್ತಿನ ಅಧಿಕಾರಿಯ ವಿವೇಚನೆ. ಬಿಡದಿದ್ದರೆ, ಇಲ್ಲಿ ಒಟ್ಟಿಗೆ ಬಾಳುತ್ತಿದ್ದೇವೆ ಎಂಬ ಆಧಾರವೇ ತಪ್ಪಿ ಅರ್ಜಿ ನೆಲಕಚ್ಚುತ್ತದೆ. ಹೋಗಿ ಬಂದವರೂ ಇದ್ದಾರೆ, ಏನೂ ಆಗಿಲ್ಲ. ಇವರೂ ಒಮ್ಮೆ, ಹೋಗಿ ಬಾ, ಆದದ್ದಾಗಲಿ ಎಂದರು. ಬೇಡವೆಂದವಳು ನಾನೇ. ಒಂದು ವಾರದ ಸಂಭ್ರಮಕ್ಕೆ ಬಂದು, ಮತ್ತೆ ಒಂದೆರಡು ವರ್ಷ ಅಲ್ಲಿಯೇ ಕುಳಿತು ಹೊಸ ಅರ್ಜಿಗೆ ಕಾಯುವಂತಾದರೆ ಆ ಸಂಭ್ರಮದ ನೆನಪಿಗೂ ಕಹಿ ತಾಗುತ್ತದೆ. ಯಾವಾಗ ಮುಗಿಯುತ್ತದೆಂದು ಕೇಳಬೇಡಿ, ಇಲಾಖೆ ಪ್ರಕಟಿಸುವ ಅಂದಾಜು ತಿಂಗಳಿಂದ ತಿಂಗಳಿಗೆ ಬದಲಾಗುತ್ತಿರುತ್ತದೆ.

ಮಗಳು ಅಳಿಯ ಮಾಡಬೇಕಾದ ಉಪಚಾರವನ್ನು ತಮ್ಮನೂ ಅವನ ಹೆಂಡತಿಯೂ ನೋಡಿಕೊಳ್ಳಲಿ. ನಿಮ್ಮ ಪಂಚೆಗೂ ಅಮ್ಮನ ಸೀರೆಗೂ ದುಡ್ಡು ತಮ್ಮನ ಖಾತೆಗೆ ಹಾಕಿದ್ದೇನೆ. ಅಮ್ಮ ಬಣ್ಣ ತಾವೇ ಆರಿಸಿಕೊಳ್ಳಲಿ, ನನಗೋಸ್ಕರ ಅಗ್ಗದ್ದನ್ನು ತೆಗೆಯುವುದು ಬೇಡ. ನವೆಂಬರಿನಲ್ಲಿ ಇಲ್ಲಿನ ಗಡಿಯಾರ ಹಿಂದಕ್ಕೆ ಹೋಗುವುದರಿಂದ ನಿಮಗೂ ನಮಗೂ ಹತ್ತೂವರೆ ಗಂಟೆಗಳ ಅಂತರ. ಅಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ ಕಲಶದ ನೀರು ಹಾಕುವಾಗ ಇಲ್ಲಿ ಹಿಂದಿನ ರಾತ್ರಿ ಹನ್ನೊಂದು ಗಂಟೆ. ತಮ್ಮನು ಫೋನನ್ನು ಹೊಗೆ ತಾಗದ ಕಡೆ ಕಂಬಕ್ಕೆ ಒರಗಿಸಿಟ್ಟರೆ ನಾವಿಬ್ಬರೂ ಸ್ನಾನ ಮಾಡಿ ಕುಳಿತಿರುತ್ತೇವೆ.

ಸ್ವೀಕೃತಿ ಪತ್ರದ ಒಂದು ನಕಲನ್ನು ಇದರೊಂದಿಗೆ ಇಟ್ಟಿದ್ದೇನೆ. ನಿಮ್ಮ ಮೇಜಿನ ಖಾನೆಯಲ್ಲಿ ನನ್ನ ಹೆಸರಿನ ಕಡತವಿದೆಯಲ್ಲ, ಅಫಿಡವಿಟ್ಟಿನ ನಕಲಿನ ಮೇಲೆ ಸೇರಿಸಿ ಪುಟಸಂಖ್ಯೆ ಹಾಕಿಬಿಡಿ.

ಇತಿ ನಮಸ್ಕಾರಗಳೊಂದಿಗೆ,
ನಿಮ್ಮ ಪ್ರೀತಿಯ ಮಗಳು