ಪೆಟ್ಟಿಗೆ ನೋಡದವರ ಪ್ರಮಾಣ

ಮಾನ್ಯರೇ,

ಸರಕಿನ ಹಣ ಬಾಕಿ ಉಳಿಸಿಕೊಂಡ ಕಂಪನಿಯೊಂದರ ವಿರುದ್ಧದ ದಿವಾಳಿ ಅರ್ಜಿಯನ್ನು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ ವಜಾಗೊಳಿಸಿದ ಬಗ್ಗೆ ಮಂಗಳವಾರದ ಸಂಚಿಕೆಯಲ್ಲಿ ಬಂದಿರುವ ವರದಿಯು ‘ಸರಬರಾಜುದಾರರೊಬ್ಬರು’ ಎಂದು ಒಂದೇ ಪದದಲ್ಲಿ ಮುಗಿಸಿರುವ ಆಸಾಮಿ, ಅಂದರೆ ಅರ್ಜಿದಾರ, ನಾನೇ. ಆದೇಶವನ್ನು ನೀವು ಸರಿಯಾಗಿಯೇ ಪ್ರಕಟಿಸಿದ್ದೀರಿ. ಯಾವ ಕಾಗದವನ್ನು ನಂಬಿ ಅದು ಹೊರಬಿತ್ತು ಎಂಬುದನ್ನು ಮಾತ್ರ ಬಿಟ್ಟಿದ್ದೀರಿ. ಅದೊಂದು ಅಫಿಡವಿಟ್. ನಾನು ಒದಗಿಸಿದ ರಟ್ಟಿನ ಪೆಟ್ಟಿಗೆಗಳು ಕಳಪೆಯಾಗಿದ್ದವು, ಬಾಕಿ ಕೇಳಿದ ನನ್ನ ನೋಟಿಸ್ ತಲುಪುವ ಮೊದಲೇ ತಕರಾರು ಎತ್ತಲಾಗಿತ್ತು ಎಂದು ಅದರಲ್ಲಿ ಪ್ರಮಾಣ ಮಾಡಿದ ಮ್ಯಾನೇಜರ್ ಕಂಪನಿಗೆ ಸೇರಿದ್ದು, ಕೊನೆಯ ಪೆಟ್ಟಿಗೆ ಗೋದಾಮು ಸೇರಿ ಏಳು ತಿಂಗಳಾದ ಮೇಲೆ. ಮೊದಲೇ ತಕರಾರಿದ್ದರೆ ದಿವಾಳಿ ಅರ್ಜಿ ನಿಲ್ಲದು. ಆ ಕಳಪೆ ಪೆಟ್ಟಿಗೆಗಳಲ್ಲೇ ಸರಕು ತುಂಬಿ ಮಾರಿ ಕಂಪನಿ ಹಣ ಎಣಿಸಿಕೊಂಡದ್ದು ಬೇರೆ ಮಾತು.

1872ರ ಸಾಕ್ಷ್ಯ ಕಾಯಿದೆ ಅಫಿಡವಿಟ್‌ಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಹಾಗೆಯೇ ಮಾಡಿದೆ. ಅಫಿಡವಿಟ್ಟಿನಲ್ಲಿ ಹೇಳುವುದು ಹೇಳುವವನಿಗೆ ಸ್ವತಃ ಗೊತ್ತಿರುವ ಸಂಗತಿಯಾಗಿರಬೇಕು, ಮಧ್ಯಂತರ ಅರ್ಜಿಗಳಲ್ಲಿ ಮಾತ್ರ ನಂಬಿಕೆಯ ಮಾತನ್ನು ಆಧಾರಸಹಿತ ಹೇಳಬಹುದು ಎಂಬುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 19ನೇ ಆದೇಶ. ನ್ಯಾಯಮಂಡಳಿಗೆ ಆ ಸಂಹಿತೆಯ ಕಟ್ಟುಪಾಡಿಲ್ಲ, ಸಹಜ ನ್ಯಾಯ ಪಾಲಿಸಿದರೆ ಸಾಕು ಎನ್ನುತ್ತಾರೆ, ಒಪ್ಪೋಣ. ಆದರೆ ಅದರದೇ 2016ರ ನಿಯಮಾವಳಿಯ 39ನೇ ನಿಯಮದಲ್ಲಿ, ಪರಸ್ಪರ ವಿರುದ್ಧವಾದ ಅಂಶಗಳ ಬಗ್ಗೆ ಅಫಿಡವಿಟ್ ಕೊಟ್ಟವರನ್ನು ವಿಡಿಯೊ ಮೂಲಕವಾದರೂ ಪಾಟಿ ಸವಾಲಿಗೆ ಒಳಪಡಿಸಲು ಅವಕಾಶವಿದೆಯಲ್ಲ? ನಾವು ಅದಕ್ಕಾಗಿಯೇ ಹಾಕಿದ್ದ ಅರ್ಜಿಯ ಪ್ರಸ್ತಾಪವೇ ಆದೇಶದಲ್ಲಿಲ್ಲ. ಇದು ಸಂಕ್ಷಿಪ್ತ ವಿಚಾರಣೆ, ತಕರಾರಿನ ಒಳಹೊಕ್ಕು ನೋಡಲಾಗದು ಎಂಬ ಎರಡು ಸಾಲು ಇದೆ. ಇಂಥದೇ ತಕರಾರಿನ ಮೊಬಿಲಾಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರಲ್ಲೇ ಕಾಳಿನಿಂದ ಜೊಳ್ಳನ್ನು ಬೇರ್ಪಡಿಸಿ ಎಂದಿತ್ತು. ಇಲ್ಲಿ ಮೊರ ಎತ್ತಲೇ ಇಲ್ಲ.

ಹಾಗೆಂದು ನ್ಯಾಯಮಂಡಳಿಯ ಕಚೇರಿಯಲ್ಲಿ ಕಟ್ಟುನಿಟ್ಟು ಇಲ್ಲವೆಂದು ಯಾರೂ ತಿಳಿಯಬಾರದು. ತಕರಾರಿನ ನೋಟಿಸ್ ಬಂದಿಲ್ಲವೆಂದು ದಿವಾಳಿ ಸಂಹಿತೆಯ 9ನೇ ಸೆಕ್ಷನ್ ಪ್ರಕಾರ ನಾನು ಸಲ್ಲಿಸಿದ ಅಫಿಡವಿಟ್ಟಿನ ಒಂದು ಪುಟದಲ್ಲಿ ನೋಟರಿಯ ಮೊಹರು ಮಸುಕಾಗಿತ್ತೆಂದು ಅದು ಒಮ್ಮೆ ವಾಪಸಾಯಿತು. ದೃಢೀಕರಣದ ಪ್ಯಾರಾದಲ್ಲಿ ಸಂಖ್ಯೆ ತಪ್ಪಿದೆಯೆಂದು ಮತ್ತೊಮ್ಮೆ. ನನ್ನ ಇಮೇಲ್ ಪ್ರತಿಗಳಿಗೆ ಎಲೆಕ್ಟ್ರಾನಿಕ್ ದಾಖಲೆಯ ಪ್ರಮಾಣಪತ್ರ ಬೇಕೆಂದರು, ಎದುರು ಪಕ್ಷದ ಸಹಿಯಿಲ್ಲದ ಜೆರಾಕ್ಸ್ ಪತ್ರಕ್ಕೆ ಏನೂ ಬೇಕಾಗಲಿಲ್ಲ. ಹದಿನಾಲ್ಕು ದಿನಗಳಲ್ಲಿ ತೀರ್ಮಾನವಾಗಬೇಕಾದ ಅರ್ಜಿಗಾಗಿ ಹನ್ನೊಂದು ಸಲ ಬಸ್ಸು ಹತ್ತಿದೆ. ಅದರಲ್ಲಿ ನಾಲ್ಕು ಸಲ ಪೀಠವೇ ಕೂರಲಿಲ್ಲ, ಒಂದು ಸಲ ವಿಡಿಯೊ ಸಂಪರ್ಕ ಕಡಿದು ನಮ್ಮ ವಕೀಲರ ತುಟಿ ಮಾತ್ರ ಅಲುಗಾಡುತ್ತಿತ್ತು. ಈ ನಡುವೆ ಕಾಗದದ ಮಿಲ್ಲಿನವರು ನನಗೇ ನೋಟಿಸ್ ಕಳಿಸಿದರು.

ನೋಟರಿಗಳ ಬಗ್ಗೆ ಹೇಳದಿರುವುದೇ ಲೇಸು. ‘ನನ್ನ ಸಮಕ್ಷಮ ಪ್ರಮಾಣ ಮಾಡಿದರು’ ಎಂದು ಮುಂಚಿತವಾಗಿಯೇ ಮೊಹರು ಒತ್ತಿದ ಹಾಳೆಗಳನ್ನು ಕೋರ್ಟಿನ ಮರದಡಿಯಲ್ಲಿ ಕಂಡವರಿಗೆ ಆ ‘ಸಮಕ್ಷಮ’ದ ಬೆಲೆ ಗೊತ್ತು. ತೆಲಗಿಯ ಕಾಲದಲ್ಲಿ ಛಾಪಾ ಕಾಗದ ನಕಲಿಯಾಗಿತ್ತು. ಈಗ ಕಾಗದ ಅಸಲಿ, ಪ್ರಮಾಣ ನಕಲಿ. ಹಿಂದೆ ಪಹಣಿಯಲ್ಲಿ ತಂದೆಯ ಹೆಸರು ತಿದ್ದಿಸಲು ಮೂರು ಅಫಿಡವಿಟ್ ಕೊಟ್ಟರೂ ಗ್ರಾಮ ಲೆಕ್ಕಿಗರು ನಂಬಿರಲಿಲ್ಲ. ದೊಡ್ಡ ಕಂಪನಿಯ ಮ್ಯಾನೇಜರ್ ಒಮ್ಮೆ ಸಹಿ ಮಾಡಿದರೆ ಸಾಕು, ಎಲ್ಲರೂ ನಂಬುತ್ತಾರೆ.

ತಕರಾರು ಇದ್ದೂ ಮುಚ್ಚಿಟ್ಟಿದ್ದರೆ ದಿವಾಳಿ ಸಂಹಿತೆಯ 76ನೇ ಸೆಕ್ಷನ್ ಪ್ರಕಾರ ನನಗೆ ಐದು ವರ್ಷದವರೆಗೆ ಸೆರೆವಾಸವಾಗಬಹುದಿತ್ತು. ಇಲ್ಲದ ತಕರಾರನ್ನು ಹುಟ್ಟಿಸಿದವರ ಮೇಲೆ ಸುಳ್ಳು ಸಾಕ್ಷ್ಯದ ಸಾಮಾನ್ಯ ಕಲಮು ಇದೆಯಂತೆ. ಅದನ್ನು ಯಾರು, ಯಾವಾಗ ಚಲಾಯಿಸುತ್ತಾರೋ ತಿಳಿಯದು. ಸ್ವತಃ ಕಾಣದ್ದನ್ನು ಹೇಳುವ ಅಫಿಡವಿಟ್ಟನ್ನು ಪಾಟಿ ಸವಾಲಿಲ್ಲದೆ ಒಪ್ಪಬಾರದೆಂದು ಸಂಬಂಧಪಟ್ಟವರು ಕಡ್ಡಾಯ ಮಾಡಲಿ. ಅದು ಆಗದಿದ್ದರೆ ನಮ್ಮಂಥವರಿಂದಲೂ ಅಫಿಡವಿಟ್ ಕೇಳುವುದನ್ನು ನಿಲ್ಲಿಸಲಿ, ನೋಟರಿಯ ಶುಲ್ಕವಾದರೂ ಉಳಿಯುತ್ತದೆ. ಸಂಬಂಧಪಟ್ಟವರು ಎಂದರೆ ಯಾರೆಂದು ಕಚೇರಿಯಲ್ಲಿ ಕೇಳಿದ್ದಕ್ಕೆ, ಅದನ್ನೂ ಅರ್ಜಿಯಲ್ಲಿ ಬರೆದು, ಅಫಿಡವಿಟ್ ಲಗತ್ತಿಸಿ ಕೊಡಿ ಎಂದರು.

– ನೊಂದ ಸರಬರಾಜುದಾರ