ಲವಂಗದ ಎಣ್ಣೆಯ ಶುದ್ಧತೆಯ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಶುದ್ಧವೆಂದು ಮಾರಿದ ಲವಂಗದ ಎಣ್ಣೆಯಲ್ಲಿ ಬೇರೆ ಎಣ್ಣೆ ಬೆರೆತಿರುವ ಕುರಿತು

ಮಾನ್ಯರೇ,

ತಮ್ಮಲ್ಲಿಂದ ಆನ್‌ಲೈನ್ ಮೂಲಕ ತರಿಸಿದ 15 ಮಿ.ಲೀ.ಯ ಎರಡು ಶೀಶೆ ಲವಂಗದ ಎಣ್ಣೆ ಕಳೆದ ವಾರ ಮಂಗಳೂರಿನ ನಮ್ಮ ಮನೆಗೆ ತಲುಪಿತು. ‘ನೂರಕ್ಕೆ ನೂರು ಶುದ್ಧ’ ಎಂದು ಲೇಬಲ್ಲಿನಲ್ಲಿದೆ. ಆದರೆ ಹಲ್ಲುನೋವಿಗೆಂದು ನನ್ನ ತಾಯಿಯವರು ಹತ್ತಿಯಲ್ಲಿ ಅದ್ದಿ ಇಟ್ಟುಕೊಂಡಾಗ, ಒಂದು ಲವಂಗ ಜಗಿದರೆ ಹಿಡಿಯುವಷ್ಟು ಜೋಮೂ ಹಿಡಿಯಲಿಲ್ಲ. ಬಾಯೆಲ್ಲ ಜಿಡ್ಡಾಯಿತೆಂದು ಅವರು ಉಗುಳಿಬಿಟ್ಟರು.

ಬಂದರಿನ ಗ್ರಂಥಿಗೆ ಅಂಗಡಿಯಿಂದ ಹಿಂದೆ ತಂದಿದ್ದ ಎಣ್ಣೆ ಸ್ವಲ್ಪ ಉಳಿದಿದ್ದುದರಿಂದ, ಅದನ್ನೂ ತಮ್ಮದನ್ನೂ ಎರಡು ಲೋಟ ನೀರಿಗೆ ಕೆಲವು ಹನಿ ಬಿಟ್ಟು ಕಲಕಿ ನೋಡಿದೆ. ಹಳೆಯದು ಮಣಿಮಣಿಯಾಗಿ ತಳ ಸೇರಿತು. ತಮ್ಮದು ಸಾರಿನ ಮೇಲಿನ ಒಗ್ಗರಣೆಯಂತೆ ತೇಲಿತು. ಲವಂಗದ ಮೊಗ್ಗಿನ ಎಣ್ಣೆಯ ಬಹುಪಾಲು ಯೂಜೆನಾಲ್ ಎಂಬ ರಾಸಾಯನಿಕವಾಗಿದ್ದು, ನೀರಿನ ಸಾಂದ್ರತೆ 1 ಆದರೆ ಅದರದು ಸುಮಾರು 1.06 ಇರುವುದರಿಂದ ಅದು ನೀರಿನಲ್ಲಿ ಮುಳುಗಬೇಕು, ತೇಲುವುದು 0.92ರ ಆಸುಪಾಸಿನ ತೆಂಗಿನೆಣ್ಣೆಯಂಥವು. ಕಾಗದದ ಮೇಲೆ ಬಿಟ್ಟ ತಮ್ಮ ಹನಿಯ ಕಲೆ ಮೂರು ದಿನವಾದರೂ ಗೋಳಿಬಜೆ ಕಟ್ಟಿದ ಪೊಟ್ಟಣದಂತೆ ಹಾಗೆಯೇ ಇದೆ.

ದೂರವಾಣಿಯಲ್ಲಿ ತಮ್ಮ ಸಿಬ್ಬಂದಿ ಇದಕ್ಕೆ ಮಳೆಗಾಲದ ತೇವವೇ ಕಾರಣ ಎಂದರು. ಆಟಿಯ ತೇವಕ್ಕೆ ಹಪ್ಪಳ ಮೆತ್ತಗಾಗುವುದು ನಮಗೂ ಗೊತ್ತು. ಗಾಳಿ ಬೆಳಕು ತಾಗಿದರೆ ಯೂಜೆನಾಲ್ ಕಂದು ಬಣ್ಣಕ್ಕೆ ತಿರುಗುತ್ತದೆಯೇ ಹೊರತು, ಆಗಷ್ಟೇ ಸೀಲು ಒಡೆದ ಶೀಶೆಯಲ್ಲಿ ನೀರಿಗಿಂತ ಹಗುರವಾಗುವುದಿಲ್ಲ.

ಬೇರೆ ಎಣ್ಣೆ ಬೆರೆಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಅಪ್ಪಟ ಲವಂಗದ ಎಣ್ಣೆ ಒಸಡನ್ನು ಸುಡುವುದರಿಂದ ಅದನ್ನು ತೆಳುಮಾಡಿಯೇ ಬಳಸಬೇಕು. ಬೆರೆಸಿದ್ದನ್ನು ಮುಚ್ಚಿಟ್ಟು ಶುದ್ಧದ ಬೆಲೆ ಪಡೆದಿರುವುದು ನನ್ನ ಆಕ್ಷೇಪ. ಅಲ್ಲದೆ ತಮ್ಮ ಶೀಶೆಯ ಅಳತೆಗೆ ಒಗ್ಗಿದವರು ನಾಳೆ ನಿಜವಾದ ಎಣ್ಣೆಯನ್ನು ಅಷ್ಟೇ ಹನಿ ಹಾಕಿಕೊಂಡರೆ ಬಾಯಿ ಸುಟ್ಟುಕೊಳ್ಳುತ್ತಾರೆ.

ಆದ್ದರಿಂದ ಎರಡೂ ಶೀಶೆಗಳ ಹಣವನ್ನು ಮರಳಿಸಿ, ಎಣ್ಣೆಯಲ್ಲಿ ಏನೇನು ಎಷ್ಟಿದೆ ಎಂದು ತೋರಿಸುವ ಈ ಬ್ಯಾಚಿನ ಗ್ಯಾಸ್ ಕ್ರೊಮಟೋಗ್ರಫಿ ವರದಿಯನ್ನು ಕಳುಹಿಸಿ, ಲೇಬಲ್ಲಿನಲ್ಲಿ ಬೆರೆಸಿದ ಎಣ್ಣೆಯ ಹೆಸರನ್ನೂ ಪ್ರಮಾಣವನ್ನೂ ನಮೂದಿಸಬೇಕೆಂದು ಕೋರುತ್ತೇನೆ. 15 ದಿನಗಳೊಳಗೆ ಉತ್ತರ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ಎರಡನೆಯ ಶೀಶೆಯ ಸೀಲು ಒಡೆಯದೆ, ಪರೀಕ್ಷೆಗೆಂದು ಬಿಲ್ಲಿನ ಸಮೇತ ತೆಗೆದಿರಿಸಿದ್ದೇನೆ.

ಇತಿ,
ತಮ್ಮ ಗ್ರಾಹಕ,
ಮಂಗಳೂರು