ನಾಳೆ ಮುಂಜಾನೆ ಡಿಎಆರ್ (ಜಿಲ್ಲಾ ಸಶಸ್ತ್ರ ಮೀಸಲು ಪೊಲೀಸ್) ಗ್ರೌಂಡಿಗೆ ಬರೋರು ಓದ್ರಿ

ಎಲ್ಲಾರ್ಗೂ ನಮಸ್ಕಾರ್ರಿ. ನಾಳೆ ಅಕ್ಟೋಬರ್ 21, ಪೊಲೀಸ್ ಹುತಾತ್ಮರ ದಿನ. ಕೊಪ್ಪಳದಾಗ ಇರೋರು ಏಳು ಗಂಟೆಕ್ಕ ಬಸ್ ಸ್ಟ್ಯಾಂಡ್ ಮುಂದ ಚಾ ಅಂಗಡಿ ಹತ್ರ ಕೂಡ್ರಿ, ಅಲ್ಲಿಂದ ಎಲ್ಲಾರೂ ಕೂಡೇ ಹೋಗೂದು.

ಈ ದಿನಾನ ಯಾಕ ಅಂತ ಮೊನ್ನೆ ಒಬ್ರು ಕೇಳಿದ್ರಿ. 1959ರಾಗ ಇದೇ ದಿನ ಲಡಾಖಿನ ಹಾಟ್ ಸ್ಪ್ರಿಂಗ್ಸ್ ಹತ್ರ, ಹಿಂದಿನ ದಿನ ಗಸ್ತಿಗೆ ಹೋದೋರು ವಾಪಸ್ ಬರ್ಲಿಲ್ಲಂತ ಹುಡುಕಾಕ ಹೋಗಿದ್ದ ನಮ್ಮ ಪೊಲೀಸ್ರ ಮ್ಯಾಲೆ ಚೀನಾದೋರು ಗುಡ್ಡದ ಮ್ಯಾಲಿಂದ ಗುಂಡು ಹಾರಿಸಿದ್ರು, ಹತ್ತು ಮಂದಿ ಜೀವ ಬಿಟ್ರು, ಅವ್ರ ದೇಹ ನಮ್ಮ ಕೈಗೆ ಕೊಟ್ಟಿದ್ದು ನವೆಂಬರ್ 13ಕ್ಕ ನೋಡ್ರಿ. ಆಗ ಅಲ್ಲಿ ಗಡಿ ಕಾಯ್ತಿದ್ದೋರು ಪೊಲೀಸ್ರ, ಇದು ಭಾಳ ಮಂದಿಗೆ ಗೊತ್ತಿಲ್ಲ. ಕೆಂಪು ಟೋಪಿ ಮಿಲಿಟರಿ ಪೊಲೀಸ್ರು ಬ್ಯಾರೆ, ಅವ್ರು ಸೈನ್ಯದೋರು, ನಮ್ಮ ಹವಾಲ್ದಾರ್ ಕಾಕಾ ಅದರಾಗ ಇದ್ದೋರು, ನಾಳೆ ಅವ್ರೂ ಬರ್ತಾರ.

ಈ ವರ್ಷ ಡ್ಯೂಟಿ ಮ್ಯಾಲೆ ತೀರಿಕೊಂಡೋರ ಹೆಸರು ಓದ್ತಾರ, ಆಮ್ಯಾಲೆ ಹೂವಿನ ಚಕ್ರ, ಗಾಳಿಯಾಗ ಗುಂಡು, ಬ್ಯೂಗಲ್. ಹೋದ ವರ್ಷ ಹೆಸರು ಓದೂವಾಗ ಬಾಜೂಕ ನಿಂತಿದ್ದ ಒಬ್ಬಾಕಿ ಅಮ್ಮ ಸೆರಗು ಬಾಯಿಗೆ ಹಿಡ್ಕೊಂಡ್ಲು, ಸರಿಯಾಗಿ ಆವಾಗ್ಲೇ ನಮ್ಮೋರೊಬ್ರ ಮೊಬೈಲ್ ಸಿನಿಮಾ ಹಾಡು ಹೊಡೀತು, ನನಗಂತೂ ನೆಲದಾಗ ಇಳಿದಂಗ ಆತು. ಫೋನ್ ಸೈಲೆಂಟ್ ಇಡ್ರಪಾ, ದಯವಿಟ್ಟು. ಸೆಲ್ಫಿನೂ ಬ್ಯಾಡ.

ಗುಂಡಿನ ಸಪ್ಪಳಕ್ಕ ಅಂಜೋ ಸಣ್ಣ ಹುಡುಗರನ್ನ ಹಿಂದ ನಿಂದ್ರಿಸ್ರಿ. ಹೂವು ನಾನು ತರ್ತೀನಿ, ರೊಕ್ಕ ಆಮ್ಯಾಲೆ ನೋಡೂಣು.